ಡ್ಯೂಕ್ ಎಲಿಂಗ್ಟನ್ನನ ಮೇಳ

ವಾದಕನೊಬ್ಬನು ಬಿಟ್ಟುಹೋದರೆ ಆ ಸ್ಥಾನಕ್ಕೆ ಇನ್ನೊಬ್ಬನನ್ನು ಕರೆತರುವುದು ಮೇಳದ ಒಡೆಯರೆಲ್ಲರೂ ಬಲ್ಲ ಉಪಾಯ. ಅಮೆರಿಕದ ಜಾಸ್ ಸಂಗೀತಕಾರ ಡ್ಯೂಕ್ ಎಲಿಂಗ್ಟನ್ನನಿಗೆ ಈ ಉಪಾಯ ಸುಲಭವಾಗಿರಲಿಲ್ಲ. ಅವನು ಟ್ರಂಪೆಟ್ಟಿಗೆಂದೋ ಸ್ಯಾಕ್ಸೊಫೋನಿಗೆಂದೋ ಬರೆದವನಲ್ಲ. ಇಂಥವನ ಉಸಿರಿಗೆ, ಇಂಥವನ ನಾದಕ್ಕೆ ಎಂದು ಬರೆದವನು. ಒಬ್ಬನು ಹೊರಟನೆಂದರೆ ಅವನಿಗಾಗಿ ಹುಟ್ಟಿದ ಕೃತಿಯೂ ಅನಾಥವಾಗುತ್ತಿತ್ತು.

1899ರಲ್ಲಿ ವಾಷಿಂಗ್ಟನ್ನಿನಲ್ಲಿ ಜನಿಸಿದ ಎಲಿಂಗ್ಟನ್ 1923ರಲ್ಲಿ ನ್ಯೂಯಾರ್ಕಿಗೆ ಬಂದನು. 1927ರ ಕೊನೆಯಲ್ಲಿ ಹಾರ್ಲೆಮಿನ ಕಾಟನ್ ಕ್ಲಬ್ಬಿನಲ್ಲಿ ಅವನ ಮೇಳಕ್ಕೆ ನೆಲೆ ಸಿಕ್ಕಿತು. ಅಲ್ಲಿ ನುಡಿಸುವವರು ಕಪ್ಪು ಜನ, ಕುಳಿತು ಕೇಳುವವರು ಬಿಳಿಯರು. ಕೀರ್ತಿಯನ್ನು ರೇಡಿಯೋ ನಾಡೆಲ್ಲ ಹರಡಿತು. 1939ರಲ್ಲಿ ರಚನೆಯ ಜೊತೆಗಾರನಾಗಿ ಬಿಲ್ಲಿ ಸ್ಟ್ರೇಹಾರ್ನ್ ಸೇರಿದನು. ಮರುವರ್ಷವೇ ಟ್ರಂಪೆಟ್ ವಾದಕ ಕೂಟಿ ವಿಲಿಯಮ್ಸ್ ಬೆನ್ನಿ ಗುಡ್‌ಮನ್ನನ ಮೇಳಕ್ಕೆ ಹೊರಟುಹೋದನು. 1942ರಲ್ಲಿ ಅಸಾಧಾರಣ ಬಾಸ್ ವಾದಕ ಜಿಮ್ಮಿ ಬ್ಲಾಂಟನ್ 23ನೆಯ ವಯಸ್ಸಿನಲ್ಲಿ ಕ್ಷಯಕ್ಕೆ ತುತ್ತಾದನು.

ಯುದ್ಧಾನಂತರ ನರ್ತನಶಾಲೆಗಳು ಬರಿದಾದವು. ದೊಡ್ಡ ಮೇಳಗಳು ಒಂದೊಂದಾಗಿ ಕಳಚಿಬಿದ್ದವು. ಕೌಂಟ್ ಬೇಸಿಯಂಥವನೂ 1950ರಲ್ಲಿ ಸಣ್ಣ ತಂಡಕ್ಕೆ ಇಳಿದನು. 1951ರಲ್ಲಿ ಎಲಿಂಗ್ಟನ್ನನಿಗೆ ದೊಡ್ಡ ಪೆಟ್ಟು ಬಿತ್ತು: ಜಾನಿ ಹಾಜಸ್, ಲಾರೆನ್ಸ್ ಬ್ರೌನ್ ಮತ್ತು ಮೊದಲಿನಿಂದ ಜೊತೆಗಿದ್ದ ಸಾನಿ ಗ್ರಿಯರ್, ಮೂವರೂ ಒಟ್ಟಿಗೆ ತೊರೆದರು. ನಮ್ಮ ನಾಟಕ ಕಂಪನಿಗಳ ಕಥೆ ಬಲ್ಲವರಿಗೆ ಈ ನೋವು ಅಪರಿಚಿತವಲ್ಲ. ಗ್ರಾಮಫೋನ್ ಕಂಪನಿಗಳೂ ಬದಲಾದವು: ವಿಕ್ಟರ್, ಕೊಲಂಬಿಯ, ಕ್ಯಾಪಿಟಲ್, ಮತ್ತೆ ಕೊಲಂಬಿಯ. ಹಳೆಯ ಹಾಡುಗಳ ಗೌರವಧನದಿಂದ ಅವನು ವಾದಕರ ಸಂಬಳ ಹೊಂದಿಸಿದನು. ಲೆಕ್ಕಪತ್ರದ ದೃಷ್ಟಿಯಲ್ಲಿ ಇದು ಹುಚ್ಚು. ಬರೆದದ್ದನ್ನು ಮರುದಿನವೇ ಕೇಳಬೇಕೆಂಬ ರಚನಕಾರನಿಗೆ ಮಾತ್ರ ಬೇರೆ ದಾರಿಯಿರಲಿಲ್ಲ.

ಹಾಜಸ್ 1955ರಲ್ಲಿ ಮರಳಿದನು. 1956ರ ಜುಲೈಯಲ್ಲಿ ನ್ಯೂಪೋರ್ಟ್ ಉತ್ಸವದ ತಡರಾತ್ರಿ, 1937ರ ಹಳೆಯ ಕೃತಿಯೊಂದರ ನಡುವೆ ಪಾಲ್ ಗೊನ್ಸಾಲ್ವೆಸ್ ಸ್ಯಾಕ್ಸೊಫೋನಿನಲ್ಲಿ 27 ಆವರ್ತಗಳನ್ನು ಎಡೆಬಿಡದೆ ನುಡಿಸಿದನು. ಸಭೆ ಎದ್ದು ಕುಣಿಯಿತು. ಅವನು ನಿಂತದ್ದು ಬೇರೊಂದು ಸಂಸ್ಥೆಯ ಮೈಕಿನೆದುರು! ಆ ಧ್ವನಿಮುದ್ರಣ ಸ್ಪಷ್ಟವಾಗಿ ಹೊರಬಂದದ್ದು 1999ರಲ್ಲಿ. ಆದರೆ ಆ ರಾತ್ರಿಯಿಂದಲೇ ಮೇಳಕ್ಕೆ ಮರುಜನ್ಮವಾಯಿತು. 1962ರಲ್ಲಿ, 22 ವರ್ಷಗಳ ಬಳಿಕ, ಕೂಟಿ ವಿಲಿಯಮ್ಸನೂ ಹಿಂದಿರುಗಿದನು, ಅವನಿಗೂ ಜಾಗವಿತ್ತು.

ಸಾವು ಒಯ್ದವರನ್ನು ಮಾತ್ರ ಮರಳಿ ಕರೆಯಲಾಗಲಿಲ್ಲ. 1967ರಲ್ಲಿ ಸ್ಟ್ರೇಹಾರ್ನ್, 1970ರಲ್ಲಿ ಹಾಜಸ್ ತೀರಿಕೊಂಡರು. 1974ರ ಮೇ ತಿಂಗಳಲ್ಲಿ ಗೊನ್ಸಾಲ್ವೆಸ್ ಲಂಡನ್ನಿನಲ್ಲಿ ಮಡಿದನು. ಕೆಲವೇ ದಿನಗಳಲ್ಲಿ, 24ರಂದು, ಎಲಿಂಗ್ಟನ್ ಕಣ್ಮುಚ್ಚಿದನು. ಮಗ ಮರ್ಸರ್ ಮೇಳದ ಹೊಣೆ ಹೊತ್ತನು. 1927ರಲ್ಲಿ ಹದಿಹರೆಯದ ಹುಡುಗನಾಗಿ ಸೇರಿ ಕೊನೆಯವರೆಗೂ ಬಿಡದಿದ್ದ ಹ್ಯಾರಿ ಕಾರ್ನಿ ಅದೇ ಅಕ್ಟೋಬರಿನಲ್ಲಿ ತನ್ನ ಒಡೆಯನನ್ನು ಹಿಂಬಾಲಿಸಿದನು.