ಕುಲಪರೀಕ್ಷಕನಾದ ಚಿತ್ರಗಾರನ ಮಗ

ಮನೆತನಗಳ ಹಿರಿಮೆಯನ್ನು ಒರೆಗೆ ಹಚ್ಚುವ ಅಧಿಕಾರ, ಹೇಳಿಕೊಳ್ಳುವಂಥ ಮನೆತನವೇ ಇಲ್ಲದವನ ಕೈಗೆ ಬಂದರೆ ಏನಾದೀತು? ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವವನು ಒಂದನೇ ಎಲಿಜಬೆತ್ ರಾಣಿಯ ಕಾಲದ ವಿಲಿಯಂ ಕ್ಯಾಮ್ಡನ್.

1551ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕ್ಯಾಮ್ಡನ್ನನ ತಂದೆ ಸ್ಯಾಂಪ್ಸನ್ ಚಿತ್ರ ಬರೆಯುವ ಕಸುಬಿನವನು. ಆಕ್ಸ್‌ಫರ್ಡಿನಲ್ಲಿ ಓದಿ, ಪದವಿ ಪಡೆಯದೆಯೇ ಮರಳಿದ ಮಗ 1575ರಲ್ಲಿ ವೆಸ್ಟ್‌ಮಿನ್‌ಸ್ಟರ್ ಶಾಲೆಯ ಉಪಾಧ್ಯಾಯನಾದ, 1593ರಲ್ಲಿ ಮುಖ್ಯೋಪಾಧ್ಯಾಯನಾದ. ನಾಟಕಕಾರ ಬೆನ್ ಜಾನ್ಸನ್ ಅವನ ಶಿಷ್ಯ. ರಜೆ ಬಂತೆಂದರೆ ಕ್ಯಾಮ್ಡನ್ ಊರೂರು ಅಲೆದು ಶಾಸನ, ನಾಣ್ಯ, ಪಾಳುಗೋಡೆಗಳನ್ನು ಪರಿಶೀಲಿಸುತ್ತಿದ್ದ. ಸ್ಥಳನಾಮಗಳ ಮೂಲ ತಿಳಿಯಲು ವೇಲ್ಸಿನ ಭಾಷೆಯನ್ನೂ ಹಳೆಯ ಇಂಗ್ಲಿಷನ್ನೂ ಕಲಿತ. ಈ ಶ್ರಮದ ಫಲವೇ 1586ರಲ್ಲಿ ಲ್ಯಾಟಿನ್‌ನಲ್ಲಿ ಪ್ರಕಟವಾದ ‘ಬ್ರಿಟಾನಿಯ’.

1597ರಲ್ಲಿ ಅವನು ‘ಕ್ಲಾರೆನ್ಸೊ ಕಿಂಗ್ ಆಫ್ ಆರ್ಮ್ಸ್’ ಆಗಿ ನೇಮಕಗೊಂಡ. ಹೆಸರಿನಲ್ಲಿ ರಾಜನಿದ್ದರೂ ಇದು ಲಾಂಛನಾಧಿಕಾರಿಯ ಹುದ್ದೆ. ಟ್ರೆಂಟ್ ನದಿಯ ದಕ್ಷಿಣಕ್ಕಿದ್ದ ಇಂಗ್ಲೆಂಡಿನಲ್ಲಿ ಯಾವ ಮನೆತನ ಯಾವ ಲಾಂಛನ ಧರಿಸಬಹುದು, ಯಾರ ವಂಶಾವಳಿ ನಂಬತಕ್ಕದ್ದು ಎಂದು ನಿರ್ಣಯಿಸುವುದು ಅವನ ಹೊಣೆ. ಲಾಂಛನವು ಆಗ ಬರಿಯ ಅಲಂಕಾರವಲ್ಲ, ಕುಲೀನತೆಯ ಮುದ್ರೆ.

ಆ ಹುದ್ದೆಯ ಮೇಲೆ ಕಣ್ಣಿಟ್ಟಿದ್ದ ‘ಯಾರ್ಕ್ ಹೆರಾಲ್ಡ್’ ರಾಲ್ಫ್ ಬ್ರೂಕ್‌ಗೆ ಶಾಲಾ ಮೇಷ್ಟರೊಬ್ಬ ತನ್ನ ಮೇಲಧಿಕಾರಿಯಾದದ್ದು ಸಹನೆಯಾಗಲಿಲ್ಲ. ಬ್ರಿಟಾನಿಯದಲ್ಲಿನ ವಂಶಾವಳಿಯ ದೋಷಗಳನ್ನು ಎತ್ತಿ ತೋರಿಸಿ 1599ರಲ್ಲಿ ಆತ ಪುಸ್ತಕವನ್ನೇ ಅಚ್ಚುಹಾಕಿಸಿದ. ಟೀಕೆಯಲ್ಲಿ ಹುರುಳಿರಲಿಲ್ಲವೆಂದಲ್ಲ. ಕ್ಯಾಮ್ಡನ್ 1600ರ ಆವೃತ್ತಿಯಲ್ಲಿ ಅದಕ್ಕೆ ಉತ್ತರ ಕೊಟ್ಟ.

1602ರಲ್ಲಿ ಬ್ರೂಕ್ ಮತ್ತೊಂದು ಆಕ್ಷೇಪ ಎತ್ತಿದ. ಅಯೋಗ್ಯರಿಗೆಲ್ಲ ಲಾಂಛನ ದಯಪಾಲಿಸಲಾಗಿದೆ ಎಂಬ ಅವನ ದೂರಿನಲ್ಲಿ ಷೇಕ್ಸ್‌ಪಿಯರನ ಹೆಸರೂ ಇತ್ತು. ನಾಟಕಕಾರನ ತಂದೆ ಜಾನ್‌ಗೆ 1596ರಲ್ಲಿ ಲಾಂಛನ ನೀಡಿದವನು ಹಿರಿಯ ಅಧಿಕಾರಿ ವಿಲಿಯಂ ಡೆಥಿಕ್. ಕ್ಯಾಮ್ಡನ್ ಡೆಥಿಕ್‌ನ ಜೊತೆಗೆ ನಿಂತ. ಜಾನ್ ಸ್ಟ್ರಾಟ್‌ಫರ್ಡಿನಲ್ಲಿ ನ್ಯಾಯಾಧಿಕಾರ ನಡೆಸಿದವನು, ಆರ್ಡನ್ ಮನೆತನದ ಹೆಣ್ಣನ್ನು ವರಿಸಿದವನು, ಸ್ಥಿತಿವಂತ ಎಂಬುದು ಇಬ್ಬರೂ ಕೊಟ್ಟ ಸಮಾಧಾನ. ಇದರಲ್ಲಿ ಇಲಾಖೆಯ ಮಾನ ಉಳಿಸುವ ಉದ್ದೇಶವೂ ಇದ್ದಿರಬಹುದು. ಆದರೂ ಕೆಳಗಿನಿಂದ ಮೇಲೇರಿದವರು ತಮ್ಮ ಹಿಂದೆಯೇ ಬಾಗಿಲು ಹಾಕಿಕೊಳ್ಳುವುದನ್ನು ಕಂಡಿರುವ ನನಗೆ ಕ್ಯಾಮ್ಡನ್ನನ ಈ ನಿಲುವು ದೊಡ್ಡದಾಗಿ ಕಾಣುತ್ತದೆ. ಹುಟ್ಟಿನ ಜೊತೆಗೆ, ಹೊತ್ತ ಹೊಣೆಯನ್ನೂ ಅವನು ತೂಕಕ್ಕೆ ಹಾಕಿದ.

1622ರಲ್ಲಿ ಅವನು ಆಕ್ಸ್‌ಫರ್ಡಿನಲ್ಲಿ ಇತಿಹಾಸದ ಪೀಠವೊಂದನ್ನು ಸ್ಥಾಪಿಸಿದ. ಪದವಿ ಕೊಡದ ವಿಶ್ವವಿದ್ಯಾಲಯಕ್ಕೇ ಈ ದತ್ತಿ! ಮರುವರ್ಷ ನವೆಂಬರ್ 9ರಂದು ತೀರಿಕೊಂಡ ಕ್ಯಾಮ್ಡನ್, ಲಂಡನ್ನಿನ ಚಿತ್ರಗಾರರ ಸಂಘಕ್ಕೆ ಬಟ್ಟಲೊಂದನ್ನು ಕೊಳ್ಳಲು 16 ಪೌಂಡು ಬರೆದಿಟ್ಟಿದ್ದ. ಅದರ ಮೇಲೆ ತನ್ನನ್ನು ಚಿತ್ರಗಾರ ಸ್ಯಾಂಪ್ಸನ್ನನ ಮಗನೆಂದೇ ಕೆತ್ತಿಸಬೇಕೆಂಬುದು ಅವನ ಇಚ್ಛೆ. ಕುಲೀನರ ವಂಶಾವಳಿಗಳನ್ನು ಕಾಲು ಶತಮಾನ ಪರಿಶೋಧಿಸಿದವನು ತನ್ನದನ್ನು ಒಂದು ಅಕ್ಷರವೂ ತಿದ್ದಲಿಲ್ಲ.