ಗುರುವೇ ಲಿಪಿಕಾರನಾದಾಗ

ಟಾಲ್‌ಸ್ಟಾಯರ (1828–1910) ಬಾಳಿನಲ್ಲಿ ನನ್ನನ್ನು ಬಹುವಾಗಿ ಸೆಳೆದುದು ಯಾಸ್ನಾಯ ಪೋಲ್ಯಾನದ ಶಾಲೆ. ರೈತರ ಮಕ್ಕಳಿಗಾಗಿ 1859ರಲ್ಲಿ ಅವರು ಅದನ್ನು ತೆರೆದರು. ‘ಯುದ್ಧ ಮತ್ತು ಶಾಂತಿ’ ಆಗಿನ್ನೂ ಹುಟ್ಟಿರಲಿಲ್ಲ. ಒಮ್ಮೆ ಗಾದೆಯೊಂದನ್ನು ಕೊಟ್ಟು, ಅದರಿಂದ ಕಥೆ ಹೆಣೆಯಿರೆಂದರು. ಹುಡುಗರು ಹಿಂಜರಿಯಲು ತಾವೇ ಬರೆಯತೊಡಗಿದರು. ಫೆದ್ಕ, ಸ್ಯೋಮ್ಕ ಎಂಬ ಬಾಲಕರು ಕುರ್ಚಿಯ ಹಿಂದೆ ನಿಂತು ಓದಿ, ಅಲ್ಲಲ್ಲಿ ತಿದ್ದಿ, ಕಡೆಗೆ ತಾವೇ ಹೇಳತೊಡಗಿದರು. ಗುರುಗಳು ಬರಿಯ ಲಿಪಿಕಾರರಾದರು! ಪಾತ್ರವೊಂದಕ್ಕೆ ಫೆದ್ಕ ಹೆಂಗಸಿನ ತುಪ್ಪಳದ ನಿಲುವಂಗಿ ತೊಡಿಸಿದ. ನುರಿತ ಲೇಖಕನಿಗೂ ಹೊಳೆಯದ ಈ ವಿವರಕ್ಕೆ ಟಾಲ್‌ಸ್ಟಾಯರು ಬೆರಗಾದರು. ಆದರೆ ಹಸ್ತಪ್ರತಿ ಉಳಿಯಲಿಲ್ಲ. ಬೇರೆ ಹುಡುಗರು ಅದರ ಹಾಳೆಗಳಿಂದ ಆಟಿಕೆ ಮಾಡಿ ಸುಟ್ಟುಬಿಟ್ಟಿದ್ದರು. ಗುರುಗಳ ದುಃಖ ಕಂಡು ಅವರಿಬ್ಬರೂ ಒಂದು ರಾತ್ರಿ ಅವರ ಮನೆಯಲ್ಲೇ ತಂಗಿ, ಕಥೆಯನ್ನು ಮತ್ತೆ ಬರೆದರು. ರೈತರ ಮಕ್ಕಳು ನಮ್ಮಿಂದ ಬರೆಯಲು ಕಲಿಯಬೇಕೋ, ನಾವೇ ಅವರಿಂದಲೋ ಎಂದು ಟಾಲ್‌ಸ್ಟಾಯರು 1862ರ ಪ್ರಬಂಧವೊಂದರಲ್ಲಿ ವಿಚಾರಿಸಿದರು.