4,257 ಸಲ ರಥ ಏರಿದ ಸಾರಥಿ

ರಥ ಅಂದ್ರೆ ನಮ್ಮ ದೊಡ್ಡಬಳ್ಳಾಪುರದ ಕಡೆಯವರಿಗೆ ಮೊದಲು ನೆನಪಾಗೋದು ಘಾಟಿ ಸುಬ್ರಹ್ಮಣ್ಯದ ತೇರು. ಊರೆಲ್ಲ ಸೇರಿ ಹಗ್ಗ ಹಿಡಿದು ನಿಧಾನವಾಗಿ ಎಳೆಯುವ ತೇರು. ರೋಮಿನ ಪಂದ್ಯದ ರಥ ಇದಕ್ಕೆ ಪೂರ್ತಿ ಉಲ್ಟಾ. ಎರಡು ಚಕ್ರ, ಒಬ್ಬ ನಿಲ್ಲುವಷ್ಟು ಜಾಗ, ಮುಂದೆ ಅಕ್ಕಪಕ್ಕ ನಾಲ್ಕು ಕುದುರೆ. ಹಗುರ ಇದ್ದಷ್ಟೂ ವೇಗ, ಆದರೆ ತಗುಲಿದರೆ ಪುಡಿಪುಡಿ. ಇಂಥ ರಥವನ್ನು 24 ವರ್ಷ ಓಡಿಸಿ ಜೀವಸಹಿತ ಕೆಳಗಿಳಿದವನು ಗಾಯಸ್ ಅಪ್ಪುಲೇಯಸ್ ಡಯೋಕ್ಲಿಸ್.

ಹುಟ್ಟಿದ್ದು ಕ್ರಿ.ಶ. 104ರ ಸುಮಾರಿಗೆ, ಲೂಸಿಟೇನಿಯಾದಲ್ಲಿ. ಅದರ ಬಹುಭಾಗ ಇವತ್ತಿನ ಪೋರ್ಚುಗಲ್. ರೋಮಿನಲ್ಲಿ ಆಗ ನಾಲ್ಕು ತಂಡ: ಕೆಂಪು, ಬಿಳಿ, ಹಸಿರು, ನೀಲಿ. ಜನ ಊರಿಗಿಂತ ಹೆಚ್ಚಾಗಿ ಬಣ್ಣಕ್ಕೆ ನಿಷ್ಠರು. ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ ಬಿಡಿ. ಡಯೋಕ್ಲಿಸ್ 122ರಲ್ಲಿ ಬಿಳಿ ತಂಡಕ್ಕೆ ರಥ ಹತ್ತಿದ. ಮೊದಲ ಗೆಲುವು ಬಂದಿದ್ದು 124ರಲ್ಲಿ. ಅಂದ್ರೆ ಎರಡು ವರ್ಷ ಬರೀ ಸೋಲು. 128ರಲ್ಲಿ ಹಸಿರು ತಂಡ, 131ರ ಹೊತ್ತಿಗೆ ಕೆಂಪು. ಹೆಸರು ಮಾಡಿದ್ದು ಅಲ್ಲೇ.

ಸರ್ಕಸ್ ಮ್ಯಾಕ್ಸಿಮಸ್ ಅನ್ನೋ ಆ ಮೈದಾನ ಸುಮಾರು 600 ಮೀಟರ್ ಉದ್ದ. ಒಮ್ಮೆಗೆ 12 ರಥದವರೆಗೆ ಬಿಡುತ್ತಿದ್ದರು, ಏಳು ಸುತ್ತು. ನೇರ ದಾರೀಲಿ ಯಾರು ಬೇಕಾದ್ರೂ ಓಡಿಸಬಹುದು, ಪರೀಕ್ಷೆ ಇರೋದು ತುದಿಯ ತಿರುವಿನಲ್ಲಿ. ಒಳಗಡೆ ತಿರುಗಿಸಿದರೆ ದೂರ ಉಳಿಯುತ್ತೆ, ಆದರೆ ಚಕ್ರ ಕಂಬಕ್ಕೆ ತಾಗಬಹುದು. ಹೊರಗಡೆ ಹೋದರೆ ಜೀವ ಉಳಿಯುತ್ತೆ, ಜಾಗ ಹೋಗುತ್ತೆ. ಮೆಕ್ಯಾನಿಕ್ಸ್ ಕ್ಲಾಸಿನ ಲೆಕ್ಕವನ್ನ ಇವರು ಮೈಯಲ್ಲೇ ಮಾಡಬೇಕಿತ್ತು. ಲಗಾಮನ್ನು ಸೊಂಟಕ್ಕೇ ಸುತ್ತಿಕೊಳ್ಳುತ್ತಿದ್ದರು. ರಥ ಮಗುಚಿದರೆ ಕುದುರೆಗಳು ಸಾರಥಿಯನ್ನ ಎಳಕೊಂಡು ಹೋಗ್ತಿದ್ದವು. ಲಗಾಮು ಕತ್ತರಿಸೋಕೆ ಹತ್ತಿರ ಒಂದು ಚಾಕು, ಅಷ್ಟೇ. ಕ್ರೆಸೆನ್ಸ್ ಎಂಬ ಸಾರಥಿ ಸತ್ತಾಗ 22 ವರ್ಷ. 2,048 ಸಲ ಗೆದ್ದ ಸ್ಕಾರ್ಪಸ್ ಕೂಡ ಮೂವತ್ತು ಮುಟ್ಟಲಿಲ್ಲ.

ಡಯೋಕ್ಲಿಸನ ಬದುಕಿನ ಬಗ್ಗೆ ನಮಗೆ ಸಿಗೋದು ಹೆಚ್ಚೂಕಮ್ಮಿ ಒಂದು ಸ್ಕೋರ್‌ಕಾರ್ಡ್. ರೋಮಿನಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ್ದು. ಪಂದ್ಯ 4,257, ಗೆಲುವು 1,462. ಮೊದಲಿನಿಂದಲೂ ಮುಂದಿದ್ದು ಗೆದ್ದದ್ದು 815, ಕೊನೇ ಗಳಿಗೆಯಲ್ಲಿ ಕಿತ್ತುಕೊಂಡದ್ದು 502. ಎರಡನೇ ಸ್ಥಾನ 861, ಮೂರನೇದು 576, ನಾಲ್ಕನೇದು ಒಂದೇ ಒಂದು, ಬರಿಗೈ 1,351. ಕೂಡಿಸಿ ನೋಡಿ, ಆರು ಪಂದ್ಯ ಕಮ್ಮಿ ಬರುತ್ತೆ!

ಕೆತ್ತಿಸಿದವರು ಜಾಣರು. ನೀಲಿ ತಂಡದ ಎಪಾಫ್ರೊಡಿಟಸ್ 1,467 ಸಲ ಗೆದ್ದಿದ್ದ, ಅಂದ್ರೆ ಐದು ಜಾಸ್ತಿ. ಅದಕ್ಕೇನು ಮಾಡಿದ್ರು? ತಂಡಕ್ಕೆ ಒಂದೊಂದೇ ರಥ ಓಡುವ ಪಂದ್ಯಗಳನ್ನ ಬೇರೆ ತೆಗೆದು ಎಣಿಸಿದ್ರು: ಡಯೋಕ್ಲಿಸ್ 1,064, ಎಪಾಫ್ರೊಡಿಟಸ್ 911. ನಮ್ಮ ಕ್ರಿಕೆಟ್ ವಾದಗಳೂ ಹೀಗೇ ಅಲ್ವಾ?

ಬಹುಮಾನದ ಒಟ್ಟು ಮೊತ್ತ 3,58,63,120 ಸೆಸ್ಟರ್ಸ್. ಯಶವಂತಪುರದ ಹತ್ತಿರ 1891ರಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯ ದಿನಾರಿಯಸ್ ಇದೆಯಲ್ಲ, ಅದೊಂದಕ್ಕೆ ನಾಲ್ಕು ಸೆಸ್ಟರ್ಸ್. ಅವನ ಕಾಲದ ಸಾಮಾನ್ಯ ಸೈನಿಕನ ಸಂಬಳ ವರ್ಷಕ್ಕೆ 1,200. ಭಾಗಿಸಿದರೆ ಸುಮಾರು 29,900 ಸೈನಿಕರ ಒಂದು ವರ್ಷದ ಸಂಬಳ. ಇಂಟರ್ನೆಟ್ಟಿನಲ್ಲಿ ಇದನ್ನ 15 ಬಿಲಿಯನ್ ಡಾಲರ್ ಅಂತ ಬರೀತಾರೆ. ಎರಡು ಸಾವಿರ ವರ್ಷದ ಹಿಂದಿನ ದುಡ್ಡನ್ನು ಹಾಗೆ ಡಾಲರಿಗೆ ತಿರುಗಿಸೋದು ನನಗಂತೂ ಒಪ್ಪಿಗೆ ಇಲ್ಲ. ಸೈನಿಕರ ಲೆಕ್ಕವೇ ವಾಸಿ.

146ರಲ್ಲಿ ಅವನು ರಥ ಬಿಟ್ಟ. ಆಗ ಅವನ ವಯಸ್ಸು 42 ವರ್ಷ, 7 ತಿಂಗಳು, 23 ದಿನ. ದಿನಗಳನ್ನೂ ಬಿಡದೆ ಕಲ್ಲಿಗೆ ಹಾಕಿಸಿದ್ದಾರೆ. ರೋಮಿನ ಹೊರಗೆ ಪ್ರೈನೆಸ್ಟೆ ಎಂಬ ಊರಲ್ಲಿ ಅದೃಷ್ಟದೇವತೆ ಫೋರ್ಚುನಾಳಿಗೆ ಒಪ್ಪಿಸಿದ ಇನ್ನೊಂದು ಶಾಸನ ಇದೆ. ಅದರಲ್ಲಿ ಗೆಲುವಿನ ಲೆಕ್ಕ ಯಾವುದೂ ಇಲ್ಲ. ಕೆಂಪು ತಂಡದ ಮುಖ್ಯ ಸಾರಥಿ, ಸ್ಪೇನಿನ ಕಡೆಯವನು ಅಂತ ಅಷ್ಟೇ. ಮಾಡಿಸಿದವರು ಅವನ ಮಕ್ಕಳು, ನಿಂಫಿಡಿಯಾನಸ್ ಮತ್ತು ನಿಂಫಿಡಿಯಾ.